ಇನ್ನೊಂದು ಹೆಜ್ಜೆ ಹಿಂದಕ್ಕೆ

ಅವರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಬಣ್ಣವಿರುತ್ತಿತ್ತು. ಸೋಮವಾರ ನೀಲಿ ಇದ್ದರೆ ಗುರುವಾರದ ಹೊತ್ತಿಗೆ ಇಟ್ಟಿಗೆಗೆಂಪು. ಗಿಟಾರಿನ ತಂತಿಗಳ ಮೇಲೆ ಆ ಕೈ ಓಡಾಡುವಾಗ ಮುಂದೆ ನಿಂತವರಿಗೆ ಮೊದಲು ಕಾಣುತ್ತಿದ್ದದ್ದು ಆ ಬಣ್ಣ, ಆಮೇಲೆ ಮುಖ. ಹಾಡು ಶುರುವಾದ ಕೂಡಲೇ ಅವರು ಕಣ್ಣು ಮುಚ್ಚುತ್ತಿದ್ದರು. ಹುಬ್ಬುಗಳ ನಡುವೆ ಎರಡು ಗೆರೆ ಮೂಡುತ್ತಿದ್ದವು. ಹಾಡು ಮುಗಿಯುವವರೆಗೆ ಆ ಗೆರೆಗಳು ಹೋಗುತ್ತಿರಲಿಲ್ಲ, ಕಣ್ಣೂ ತೆರೆಯುತ್ತಿರಲಿಲ್ಲ. ತೆರೆಯುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಕುಣಿಗಲ್ಲಿನ ನಮ್ಮ ಹೈಸ್ಕೂಲಿಗೆ ಅವರು ಡ್ರಾಯಿಂಗ್ ಮೇಷ್ಟ್ರು. ತೊಂಬತ್ತರ ದಶಕದ ಶುರುವಿನ ವರ್ಷಗಳು. ಡ್ರಾಯಿಂಗ್ ಪೀರಿಯಡ್ಡು ಮಧ್ಯಾಹ್ನದ ಕೊನೆಗೆ ಬರುತ್ತಿತ್ತು, ಅದನ್ನೂ ಲೆಕ್ಕದ ಮೇಷ್ಟ್ರು ಆಗಾಗ ಕಿತ್ತುಕೊಳ್ಳುತ್ತಿದ್ದರು. ಉಳಿದ ಪೀರಿಯಡ್ಡುಗಳಲ್ಲಿ ನಮ್ಮ ಮೇಷ್ಟ್ರು ಸ್ಟೂಲಿನ ಮೇಲೆ ಒಂದು ಮಡಕೆ, ಅದರ ಪಕ್ಕ ಎರಡು ಬದನೆಕಾಯಿ ಇಟ್ಟು, "ಬದನೆಕಾಯಿ ಬರೀಬೇಡ್ರಿ, ಅದ್ರ ಮೇಲೆ ಬಿದ್ದಿರೋ ಬೆಳಕು ಬರೀರಿ" ಎನ್ನುತ್ತಿದ್ದರು. ಬೆಳಕನ್ನು ಬರೆಯುವುದು ಹೇಗೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಅವರ ಹತ್ತಿರ ಒಂದು ಉಪಾಯವಿತ್ತು. "ಕಣ್ಣು ಅರ್ಧ ಮುಚ್ಚಿ ನೋಡ್ರಿ. ಪೂರ್ತಿ ತೆಗೆದ್ರೆ ಎಲ್ಲಾ ಕಾಣ್ತದೆ, ಬೇಕಾದ್ದು ಮಾತ್ರ ಕಾಣಲ್ಲ."

ಒಂದು ದಿನ ಇಡೀ ಕ್ಲಾಸು ಹಾಗೆ ರೆಪ್ಪೆ ಇಳಿಸಿಕೊಂಡು ಕೂತಿದ್ದಾಗ ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತರು.

"ಏನ್ ಮೇಷ್ಟ್ರೇ, ಎಲ್ಲಾ ತೂಕಡಿಸ್ತಾ ಅವ್ರೆ?"

"ಇಲ್ಲ ಸಾರ್, ನೋಡ್ತಾ ಇದಾರೆ."

ಹೆಡ್‌ಮಾಸ್ಟರು ನಮ್ಮೆಲ್ಲರ ಮುಖ ನೋಡಿದರು. ಹಿಂದಿನ ಬೆಂಚಿನಲ್ಲಿ ಇಬ್ಬರು ನಿಜವಾಗಿಯೂ ನಿದ್ದೆ ಹೋಗಿದ್ದರು. ಯಾರು ನೋಡುತ್ತಿದ್ದಾರೆ, ಯಾರು ಮಲಗಿದ್ದಾರೆ ಎಂದು ಅವರಿಗೆ ಗೊತ್ತಾಗದೆ ಹಾಗೇ ಹೊರಟುಹೋದರು.

ಮೇಷ್ಟ್ರ ಇನ್ನೊಂದು ಅಭ್ಯಾಸವೆಂದರೆ ಹಿಂದಕ್ಕೆ ಕಳಿಸುವುದು. ಚಿತ್ರ ಮುಗಿಯಿತೆಂದು ತೋರಿಸಿದರೆ ಹಾಳೆಯನ್ನು ಬೋರ್ಡಿಗೆ ಒರಗಿಸಿ, "ಈಗ ಹಿಂದಕ್ಕೆ ಹೋಗು. ಇನ್ನೊಂದು ಹೆಜ್ಜೆ. ಇನ್ನೂ ಒಂದು" ಎಂದು ಬಾಗಿಲಾಚೆಯ ವರಾಂಡದವರೆಗೆ ನಡೆಸುತ್ತಿದ್ದರು. "ಈಗ ಹೇಳು, ಎಲ್ಲಿ ತಪ್ಪಿದೆ?" ಅಷ್ಟು ದೂರದಿಂದ ತಪ್ಪು ತಾನೇ ಎದ್ದು ಕಾಣುತ್ತಿತ್ತು. ಅವರು ಯಾರ ಚಿತ್ರವನ್ನೂ ತಿದ್ದಿದ್ದು ನನಗೆ ನೆನಪಿಲ್ಲ.

ಅವರು ಹಾಡುತ್ತಾರೆಂದು ಗೊತ್ತಾದದ್ದು ನಾನು ಡಿಗ್ರಿ ಓದಲು ತುಮಕೂರಿಗೆ ಬಂದ ಮೇಲೆ. ಮರಳೂರಿನಲ್ಲಿ ಒಂದು ರೂಮು ಮಾಡಿಕೊಂಡು ನಾನೂ ಸುಮಾ ಎಂಬ ಗೆಳತಿಯೂ ಇದ್ದೆವು. ಒಂದು ಸಂಜೆ ಸುಮಾ, "ಅಲ್ಲಿ ಸೈಟಲ್ಲಿ ಆರ್ಕೆಸ್ಟ್ರಾ ಬಂದೈತೆ, ಬಾರೇ" ಎಂದು ಎಳೆದುಕೊಂಡು ಹೋದಳು. ಖಾಲಿ ಸೈಟಿನಲ್ಲಿ ಹಲಗೆ ಜೋಡಿಸಿದ ಸ್ಟೇಜು. ಅದರ ಮೇಲೆ ಮೂರು ಜನ. ಕೀಬೋರ್ಡಿನವನೊಬ್ಬ, ಯಡಿಯೂರಿನ ಮದುವೆಗಳಿಗೆ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ಮು ಹೊಡೆಯುತ್ತಿದ್ದ ದಪ್ಪ ಮೀಸೆಯವನೊಬ್ಬ, ನಡುವೆ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿಯಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು. ನನಗೆ ಮೊದಲು ನಂಬಿಕೆ ಬರಲಿಲ್ಲ. ಉಗುರಿನ ಬಣ್ಣ ನೋಡಿದ ಮೇಲೆ ಬಂತು.

ಈಗ ಇಂಥದ್ದಕ್ಕೆ ಇಂಡಿ ಮ್ಯೂಸಿಕ್ ಎಂಬ ಹೆಸರಿದೆ. ಆಗ ಹೆಸರಿರಲಿಲ್ಲ, ಬಯ್ಗುಳವಿತ್ತು. ಸ್ಟೇಜು ಹತ್ತಿದವರು ಸಿನಿಮಾ ಹಾಡು ಹೇಳಬೇಕು, ಜನ ತಮಗೆ ಬೇಕಾದ ಹಾಡಿನ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸಬೇಕು, ಅದು ನಮ್ಮ ಕಡೆಯ ರಿವಾಜು. ಇವರು ಹಾಡುತ್ತಿದ್ದದ್ದು ತಾವೇ ಬರೆದದ್ದನ್ನು. ಬಸ್ಸಿನ ಬೋರ್ಡನ್ನು ತಿರುಗಿಸಿ ಕುಣಿಗಲ್ಲನ್ನು ಗುಬ್ಬಿ ಮಾಡುವ ಕಂಡಕ್ಟರ್ ಮೇಲೆ ಒಂದು ಹಾಡು, ಕರೆಂಟು ಹೋದಾಗ ಪಕ್ಕದ ಮನೆಯವರ ಮಾತು ಕೇಳಿಸುವುದರ ಮೇಲೆ ಇನ್ನೊಂದು. ಚೀಟಿಗಳ ಮೇಲೆ ಚೀಟಿ ಬಂದವು. ಮೇಷ್ಟ್ರು ಒಂದನ್ನು ಬಿಡಿಸಿ ಓದಿಕೊಂಡು ಮೈಕಿನಲ್ಲಿ ಹೇಳಿದರು. "ನಮಗೆ ಈ ಹಾಡು ಬರಲ್ಲ. ನಮ್ ಹಾಡು ನಿಮಗೆ ಬರಲ್ಲ. ಅಲ್ಲಿಗೆ ಇಬ್ರೂ ಸಮ."

"ಹಂಗಾರೆ ಸ್ಟೇಜ್ ಯಾಕ್ಲಾ ಹತ್ತಿದೆ?" ಎಂದು ಕತ್ತಲಿನಿಂದ ಯಾರೋ ಕೂಗಿದರು.

"ಮೆಟ್ಲು ಇತ್ತು ಕಣಪ್ಪ, ಹತ್ತಿದೆ."

ಜನ ನಕ್ಕರು. ನಕ್ಕ ಮೇಲೆ ಸ್ವಲ್ಪ ಕೇಳಿದರು. ನನಗೆ ಆ ಹಾಡುಗಳು ಚೆನ್ನಾಗಿದ್ದವೋ ಇಲ್ಲವೋ ಆ ದಿನ ತಿಳಿಯಲಿಲ್ಲ. ಮೊದಲ ಸಲ ಕೇಳುವ ಹಾಡನ್ನು ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಮಾರನೆಯ ದಿನ ಬಸ್ಸಿಗೆ ಕಾಯುವಾಗ ಕಂಡಕ್ಟರ್ ಬೋರ್ಡು ತಿರುಗಿಸಿದ. ನಾನೂ ಸುಮಾಳೂ ಒಟ್ಟಿಗೆ ಕಂಡಕ್ಟರ್ ಹಾಡಿನ ಸಾಲನ್ನು ಗುನುಗಿದೆವು. ಆಮೇಲೆ ಅವರ ಒಂದು ಕಾರ್ಯಕ್ರಮವನ್ನೂ ಬಿಡಲಿಲ್ಲ.

ಕೊನೆಯಲ್ಲಿ ಹಾಡುತ್ತಿದ್ದ ಹಾಡೊಂದಿತ್ತು. ಬಿಟ್ಟು ಹೊರಟವನೊಬ್ಬ ತನ್ನ ಊರಿಗೆ ಹೇಳುವ ಮಾತು ಅದು. 

ದೂರದಿಂದ ಚೆಂದ ನೀನು, ನನ್ನ ಊರೇ,
ಇನ್ನೊಂದು ಹೆಜ್ಜೆ ಹಿಂದಕ್ಕೆ, ಇನ್ನೂ ಒಂದು.

ಎರಡನೆಯ ಸಾಲು ಬಂದಾಗಲೆಲ್ಲ ಜನ ಒಂದು ಹೆಜ್ಜೆ ಹಿಂದಕ್ಕೆ ಇಡಬೇಕು. ಮೇಷ್ಟ್ರ ದನಿ ಇಳಿಯುತ್ತಾ ಹೋಗುತ್ತದೆ, ಸ್ಟೇಜಿನ ಮುಂದೆ ಜಾಗ ಖಾಲಿಯಾಗುತ್ತಾ ಹೋಗುತ್ತದೆ. ಎಲ್ಲವೂ ಸಣ್ಣದಾದ ಮೇಲೆ ಡ್ರಮ್ಮಿನವನು ಡರ್ರೆಂದು ಒಂದು ಉರುಳು ಹೊಡೆಯುತ್ತಾನೆ, ಮೇಷ್ಟ್ರು "ಬಾ" ಎನ್ನುತ್ತಾರೆ, ಎಲ್ಲರೂ ಕೂಗುತ್ತಾ ಸ್ಟೇಜಿನ ಹತ್ತಿರಕ್ಕೆ ಓಡುತ್ತಾರೆ. ಸಿನಿಮಾ ಹಾಡು ಬೇಕೆಂದು ಜಗಳ ತೆಗೆದವರೂ ಈ ಆಟಕ್ಕೆ ಸೇರುತ್ತಿದ್ದರು. ಇದು ಹೇಗೆ ಶುರುವಾಯಿತು ಎಂದು ಒಮ್ಮೆ ಕೇಳಿದ್ದೆ. "ಜನ ಸ್ಟೇಜಿಗೆ ಒರಗಿಕೊಂಡು ಹಲಗೆ ಅಲ್ಲಾಡ್ತಿತ್ತು ಕಣಮ್ಮ. ಹಿಂದಕ್ಕೋಗಿ ಅಂದ್ರೆ ಯಾರು ಕೇಳ್ತಾರೆ? ಹಾಡಿದ್ರೆ ಕೇಳ್ತಾರೆ."

ಆ ಹಾಡಿಗೆ ನಾವಿಬ್ಬರೂ ನಮ್ಮದೇ ಒಂದು ನಿಯಮ ಸೇರಿಸಿಕೊಂಡಿದ್ದೆವು. ಅದು ಸುಮಾಳ ಯೋಚನೆ. "ಸಾರ್ ಕಣ್ಣು ಮುಚ್ಕೊಂಡವ್ರೆ, ನಾವೂ ಮುಚ್ಕೊಳೋಣ ಕಣೇ." ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ, ಹಿಂದಿನವರ ಕಾಲು ತುಳಿಯುತ್ತಾ, ಬೈಸಿಕೊಳ್ಳುತ್ತಾ ಹಿಂದಕ್ಕೆ ಹೋಗುತ್ತಿದ್ದೆವು. "ಬಾ" ಎಂದಾಗ ಕಣ್ಣು ತೆರೆದರೆ ಸ್ಟೇಜು ಎಲ್ಲೋ ದೂರದಲ್ಲಿ ಪುಟ್ಟ ಪೆಟ್ಟಿಗೆಯಂತೆ ಹೊಳೆಯುತ್ತಿರುತ್ತಿತ್ತು. ಆ ಖುಷಿಗಾಗಿಯೇ ಬಸ್ಸು ಹತ್ತಿ ಊರೂರಿಗೆ ಹೋಗುತ್ತಿದ್ದೆವು.

ಒಂದು ಕಾರ್ಯಕ್ರಮವಾದ ಮೇಲೆ ಧೈರ್ಯ ಮಾಡಿ ಹತ್ತಿರ ಹೋದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಬದನೆಕಾಯಿಗೆ ನೆರಳು ಹಾಕದೆ ಬಿಟ್ಟೋಳು ನೀನೇ ಅಲ್ವಾ?" ಎಂದರು. "ಗಾಳೀಲಿ ತೇಲ್ತಾ ಇತ್ತು ನಿನ್ ಬದನೆಕಾಯಿ. ನನಗೆ ಇಷ್ಟ ಆಗಿತ್ತು. ಮಾರ್ಕ್ಸ್ ಮಾತ್ರ ಕೊಡೋ ಹಂಗಿರ್ಲಿಲ್ಲ."

ಗುಬ್ಬಿಯ ಸಂಜೆಯ ಬಗ್ಗೆ ಬರೆಯಬೇಕು. ಎಲ್ಲಿಂದ ಶುರು ಮಾಡಿದರೂ ನನಗೆ ಅದು ಬೇರೆ ಬೇರೆಯಾಗಿ ಕಾಣುತ್ತದೆ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನೂ ಸುಮಾಳೂ ತುಮಕೂರಿನಲ್ಲೇ ಕೆಲಸಕ್ಕೆ ಸೇರಿದ್ದೆವು. ರಾಜ್ಯೋತ್ಸವದ ತಿಂಗಳು. ಊರಿನ ಯುವಕರು ಸೇರಿ ಬಯಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಹಿಂದಿನ ದಿನ ಮಳೆ ಬಂದು ನೆಲ ಮೆತ್ತಗಿತ್ತು, ಕೆಸರಿನ ಮೇಲೆ ಹುಲ್ಲು ಹರಡಿದ್ದರು. ಬಯಲಿನ ನಡುಭಾಗದಲ್ಲಿ, ಬಲಗಡೆಗೆ, ಸರ್ವೆ ಮರದ ಕಂಬಗಳನ್ನು ಹಗ್ಗದಲ್ಲಿ ಬಿಗಿದು ಕಟ್ಟಿದ ಎತ್ತರದ ಅಟ್ಟಣಿಗೆ. ಅದರ ತಲೆಯ ಮೇಲೆ ಹ್ಯಾಲೋಜನ್ ಲೈಟುಗಳು, ಎರಡು ದೊಡ್ಡ ಸೌಂಡ್ ಬಾಕ್ಸು. ಅದು ಅಲ್ಲಾಡದಂತೆ ನಾಲ್ಕೂ ಕಡೆಗೆ ಹಗ್ಗ ಎಳೆದು ನೆಲಕ್ಕೆ ಗೂಟ ಹೊಡೆದಿದ್ದರು. ಬುಡದಲ್ಲಿ ಮೇಜು ಹಾಕಿಕೊಂಡು ಸೌಂಡಿನವನು ಕೂತಿದ್ದ.

ಇದನ್ನೆಲ್ಲ ಆಗ ನಾನು ಗಮನಿಸಿರಲಿಲ್ಲ. ಆಮೇಲೆ ಜನ ಹೇಳಿದ್ದನ್ನು ಕೇಳಿ ಕೇಳಿ, ನಾನೇ ನೋಡಿದಂತೆ ಆಗಿದೆ.

ಭಾಷಣಗಳು ಮುಗಿಯುವುದರಲ್ಲಿ ಹೊತ್ತು ಮುಳುಗುತ್ತಾ ಬಂದಿತ್ತು. ಅತಿಥಿಗಳು ಹೊರಟುಹೋದರು, ಜನ ಮುಂದಕ್ಕೆ ನುಗ್ಗಿದರು. ನಾವಿಬ್ಬರೂ ಎಂದಿನಂತೆ ಸ್ಟೇಜಿನ ಎದುರಿಗೇ ನಿಂತೆವು. ಕೆಲವು ಹಾಡುಗಳಾದವು. ಕಂಡಕ್ಟರ್ ಹಾಡಿಗೆ ಜನ ಸೀಟಿ ಹೊಡೆದರು. ಮೇಷ್ಟ್ರ ಮುಖದಲ್ಲಿ ಆ ದಿನ ಬಹಳ ಗೆಲುವಿತ್ತು. ಕೊನೆಗೆ ಹಿಂದಕ್ಕೆ ಹೋಗುವ ಹಾಡು ಶುರುವಾಯಿತು. ನಾನು ಸುಮಾಳ ಕೈ ಹಿಡಿದೆ, ಕಣ್ಣು ಮುಚ್ಚಿದೆ.

ಒಂದೊಂದೇ ಹೆಜ್ಜೆ ಹಿಂದಕ್ಕೆ. ಕೆಸರಿನಲ್ಲಿ ನನ್ನ ಒಂದು ಚಪ್ಪಲಿ ಸಿಕ್ಕಿಕೊಂಡು ಕಾಲಿನಿಂದ ಕಳಚಿತು. ಹೇಗೂ ಈ ಕಡೆಗೇ ಓಡಿ ಬರುತ್ತೇವಲ್ಲ ಎಂದು ಅಲ್ಲೇ ಬಿಟ್ಟೆ. ದನಿ ಇಳಿಯಿತು. ಡ್ರಮ್ಮಿನವನು ಉರುಳು ಹೊಡೆದ. "ಬಾ" ಬರಲಿಲ್ಲ. "ಇನ್ನೊಂದು ಹೆಜ್ಜೆ ಹಿಂದಕ್ಕೆ" ಎಂದೇ ಬಂತು. ಜನ ನಗುತ್ತಾ ಮತ್ತೆ ಹಿಂದಕ್ಕೆ ಹೋದರು. ಡ್ರಮ್ಮಿನವನು ಇನ್ನೊಮ್ಮೆ ಉರುಳು ಹೊಡೆದ. ಆಗಲೂ "ಇನ್ನೂ ಒಂದು".

"ಇನ್ನೆಷ್ಟು ಹಿಂದಕ್ಕೋಗದು ಮೇಷ್ಟ್ರೇ, ಬಸ್ ಸ್ಟ್ಯಾಂಡ್ ಬಂತು" ಎಂದು ನನ್ನ ಹಿಂದೆ ಯಾರೋ ಕೂಗಿದರು.

"ಹಂಗೇ ತುಮಕೂರ್ ಬಸ್ ಹತ್ತುಸ್ಬುಡಿ" ಎಂದ ಇನ್ನೊಬ್ಬ.

"'ಬಾ' ಅನ್ನೋದ್ನೇ ಮರ್ತವ್ರೆ ಕಣೇ ಸಾರು" ಎಂದು ಸುಮಾ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ನಗು ಬಂತು. ಆ ನಗು ಇನ್ನೂ ಬಾಯಲ್ಲಿರುವಾಗಲೇ ಕಬ್ಬು ಮುರಿದಂಥ ಸದ್ದು ಕೇಳಿಸಿತು.

ಕಣ್ಣು ತೆರೆದೆ. ಬೆಳಕು ಆಕಾಶದಿಂದ ಇಳಿದು ಬರುತ್ತಿತ್ತು. ಅಟ್ಟಣಿಗೆ ಸ್ಟೇಜಿನ ಕಡೆಗೆ, ನಾವು ಆಗಷ್ಟೇ ಬಿಟ್ಟು ಬಂದಿದ್ದ ಖಾಲಿ ಜಾಗಕ್ಕೆ, ಅಡ್ಡ ಬೀಳುತ್ತಿತ್ತು. ಸೌಂಡ್ ಬಾಕ್ಸು ನೆಲಕ್ಕೆ ಬಡಿದದ್ದು ನನಗೆ ಕಿವಿಗಿಂತ ಮೊದಲು ಬರಿಗಾಲಿಗೆ ಗೊತ್ತಾಯಿತು. ಕಿಡಿ ಹಾರಿತು, ಗಾಜು ಒಡೆಯಿತು, ಎಲ್ಲ ಕಪ್ಪಾಯಿತು. ಆಮೇಲೆ ಸೌಂಡಿನವನ ಕೂಗು. ಸುಮಾಳ ಕೈ ನನ್ನ ಕೈಯಲ್ಲಿರಲಿಲ್ಲ. ಹಿಂದಿನವರು ಮುಂದಕ್ಕೆ, ಮುಂದಿನವರು ಹಿಂದಕ್ಕೆ ತಳ್ಳತೊಡಗಿದರು. ಯಾರದೋ ಮೊಣಕೈ ನನ್ನ ಕುತ್ತಿಗೆಗೆ ಒತ್ತಿಕೊಂಡು ಉಸಿರು ಸಿಕ್ಕಿಹಾಕಿಕೊಂಡಿತು. ನೆಲಕ್ಕೆ ಬಿದ್ದರೆ ಏಳುವುದಿಲ್ಲ ಎಂದು ಮಾತ್ರ ತಿಳಿಯುತ್ತಿತ್ತು.

ಆಗ ಮೈಕಿಲ್ಲದ ದನಿಯೊಂದು ಕೇಳಿಸಿತು. "ಎಲ್ಲಾ ಇದ್ದಲ್ಲೇ ಕೂತ್ಕೊಳ್ಳಿ. ಯಾರೂ ಏಳ್ಬೇಡಿ. ಕೂತ್ಕೊಳ್ಳಿ."

ಬೇಡಿಕೆಯಲ್ಲ, ಗದರಿಕೆಯೂ ಅಲ್ಲ, ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯೇ. ಅವರಲ್ಲಿ ಓದದವರಿಗೂ ಅದು ಮೇಷ್ಟ್ರ ದನಿಯೆಂದು ಗೊತ್ತಾಗಿರಬೇಕು. ನನ್ನ ಸುತ್ತಲಿನ ಒತ್ತಡ ಕುಸಿದಂತೆ ಕೆಳಗಿಳಿಯಿತು. ಬಯಲಿಗೆ ಬಯಲೇ ಒದ್ದೆ ಹುಲ್ಲಿನ ಮೇಲೆ ಕೂತಿತ್ತು. ಕೂತ ಮೇಲೆ ಸುಮಾ ಇಬ್ಬರ ಆಚೆಯೇ ಅಳುತ್ತಿರುವುದು ಕೇಳಿಸಿತು.

ಸೌಂಡಿನವನಿಗೆ ತೊಡೆಯ ಮೂಳೆಯೂ ಭುಜವೂ ಮುರಿದಿದ್ದವು. ಟೆಂಪೋದಲ್ಲಿ ಮಲಗಿಸಿಕೊಂಡು ಹೋದರು. ಬದುಕಿಕೊಂಡ. ಬೇರೆ ಯಾರಿಗೂ ಏನೂ ಆಗಲಿಲ್ಲ. ಟಾರ್ಚು ತಂದು ನೋಡಿದಾಗ ನನ್ನ ಚಪ್ಪಲಿ ಕಂಡಿತು. ಅದರ ಮೇಲೆ ಅಟ್ಟಣಿಗೆಯ ಕಂಬ ಬಿದ್ದಿತ್ತು.

ಮಾರನೆಯ ದಿನದಿಂದ ಎರಡು ಮಾತು ಹುಟ್ಟಿಕೊಂಡವು. ಕಂಬ ವಾಲಿದ್ದನ್ನು ಮೇಷ್ಟ್ರು ಸ್ಟೇಜಿನಿಂದ ನೋಡಿದರು, ಕೂಗಿದರೆ ಜನ ನುಗ್ಗಿ ತುಳಿದುಕೊಂಡು ಸಾಯುತ್ತಾರೆಂದು ಹಾಡಿನಲ್ಲೇ ಹಿಂದಕ್ಕೆ ಕಳಿಸಿದರು, "ಬಾ" ಎನ್ನಲಿಲ್ಲ, ಹೀಗೆ ಒಂದು. ಇನ್ನೊಂದು, ಅಷ್ಟು ಜನರನ್ನು ಅಷ್ಟು ಹಿಂದಕ್ಕೆ ಕಳಿಸಿದ್ದರಿಂದಲೇ ಹಿಂಭಾಗದ ಹಗ್ಗ ತುಳಿತಕ್ಕೆ ಸಿಕ್ಕಿ, ಮೆತ್ತನೆಯ ನೆಲದಿಂದ ಗೂಟ ಕಿತ್ತು ಬಂತು ಎಂಬುದು. ಗೂಟ ಕಿತ್ತು ಬಂದಿದ್ದದ್ದು ನಿಜ. ಮಳೆಗೆ ತಾನೇ ಸಡಿಲಾಗಿ ಬಂತೋ ನಮ್ಮ ಕಾಲಿಗೆ ಸಿಕ್ಕಿ ಬಂತೋ ಹೇಳುವವರು ಯಾರೂ ಇರಲಿಲ್ಲ.

"ದೇವ್ರಂಗೆ ಕಾಪಾಡ್ದ ಕಣ್ರೀ ಆ ವಯ್ಯ" ಎಂದು ಒಬ್ಬರು ಹೇಳಿದರೆ, "ಯಾವ್ ದೇವ್ರು? ಕಣ್ಮುಚ್ಕೊಂಡ್ ಹಾಡೋನಿಗೆ ಕಂಬ ಹೆಂಗ್ ಕಾಣ್ತದೆ? ಅವನ ಕುಣಿತಕ್ಕೆ ಪಾಪ ಒಬ್ಬನ ಕಾಲ್ ಹೋಯ್ತು" ಎಂದು ಇನ್ನೊಬ್ಬರು. ನಾನು ಎದುರಿಗೇ ನಿಂತಿದ್ದವಳೆಂದು ಗೊತ್ತಿದ್ದವರು ನನ್ನನ್ನು ಕೇಳುತ್ತಿದ್ದರು. ಏನು ಹೇಳಲಿ? ಸುಮಾಳನ್ನು ಕೇಳಿದರೆ ಅವಳಿಗೆ ಡ್ರಮ್ಮಿನ ಉರುಳು ಒಂದೇ ಸಲ ಕೇಳಿಸಿತ್ತು. ನನಗೆ ಎರಡು ಸಲ. ಇಬ್ಬರೂ ಅಲ್ಲೇ ಕೈ ಹಿಡಿದುಕೊಂಡು ನಿಂತಿದ್ದೆವು.

ಮೇಷ್ಟ್ರು ಹಾಡುವುದನ್ನು ನಿಲ್ಲಿಸಿದರು. ಕರೆಯಲು ಬಂದವರಿಗೆಲ್ಲ ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಾರೆಂದು ಡ್ರಮ್ಮಿನವನಿಂದ ತಿಳಿಯಿತು. "ಗಂಟ್ಲು ಕಬ್ಬಿಣದಂಗೈತೆ ಮೇಡಂ. ಒಳಗೆ ಏನೋ ಕೂತೈತೆ. ನೀವೊಂದ್ಸಲ ಹೋಗ್ಬನ್ನಿ" ಎಂದ. ಊರಿಗೆ ಹೋದಾಗ ಅವರ ಮನೆಗೆ ಹೋದೆ. ಗಿಟಾರು ಬೀರುವಿನ ಮೇಲೇರಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಸ್ಕೂಲಿನ ಗೋಡೆಗೆ ಹಾಕುವ ನಕಾಶೆಗೆ ಮೇಷ್ಟ್ರು ಬಣ್ಣ ತುಂಬುತ್ತಾ ಕೂತಿದ್ದರು.

"ಬಾಮ್ಮ, ಕೂತ್ಕೋ. ಸಮುದ್ರ ಆದ್ಮೇಲೆ ಮಾತಾಡೋಣ."

ಸಮುದ್ರಕ್ಕೆ ನೀಲಿ ತುಂಬುವವರೆಗೆ ಕಾದೆ. ಬ್ರಷ್ಷು ತೊಳೆದು, ನನ್ನ ಕಡೆಗೆ ನೋಡದೆಯೇ ಕೇಳಿದರು.

"ಅವತ್ತು ನೀನು ಮುಂದೇನೇ ನಿಂತಿದ್ದೆ, ಅಲ್ವಾ?"

"ಹೂಂ ಸಾರ್."

"ನನ್ನೇ ನೋಡ್ತಿದ್ದೆ."

"ಹೂಂ."

"ಕೊನೇ ಹಾಡಲ್ಲಿ ನನ್ ಕಣ್ಣು ತೆರೆದಿತ್ತಾ?"

ಅವರು ಕೇಳುತ್ತಿರುವುದು ನನಗೆ ಮೊದಲು ಅರ್ಥವಾಗಲಿಲ್ಲ. ಅದು ನಾನು ಅವರನ್ನು ಕೇಳಬೇಕೆಂದು ಬಂದಿದ್ದ ಪ್ರಶ್ನೆ.

"ಕಂಬ ವಾಲಿದ್ದು ನಂಗೆ ನೆನಪೈತೆ" ಎಂದರು. "ಹ್ಯಾಲೋಜನ್ ಬೆಳಕು ಒಂದ್ ಕಡೆಗೆ ಜಾರಿದ್ದು, ಹಗ್ಗ ಸಡಿಲಾಗಿ ಜೋತಾಡಿದ್ದು, ಎಲ್ಲಾ ಕಾಣ್ತದೆ. ಆದ್ರೆ ಬೀಳೋಕ್ ಮುಂಚೆ ನೋಡಿದ್ನಾ, ಬಿದ್ಮೇಲೆ ಮನಸಲ್ಲಿ ಬರ್ಕೊಂಡ್ನಾ ಗೊತ್ತಾಗ್ತಿಲ್ಲ. ಬರೆಯೋನಲ್ವಾ ನಾನು? ನೋಡ್ದೇ ಇದ್ದದ್ದನ್ನೂ ನೋಡ್ದಂಗೇ ಬರೀತೀನಿ. 'ಬಾ' ಅನ್ನೋಕ್ ಹೋದೆ, ಬಾಯಿಗೆ ಬರ್ಲಿಲ್ಲ. ಯಾಕ್ ಬರ್ಲಿಲ್ಲ? ನೋಡಿದ್ರೆ ಸರಿ, ಒಳ್ಳೇದ್ ಮಾಡ್ದೆ. ನೋಡ್ದೇ ಇದ್ರೆ, ಬರೀ ಜನರನ್ನ ಆಡ್ಸೋ ಮಜಕ್ಕೆ ಹಗ್ಗ ಕೀಳೋವರ್ಗೂ ಹಿಂದಕ್ ತಳ್ಳಿದೀನಿ. ಆ ಸೌಂಡಿನ ಹುಡುಗನ ಮನೆಗೆ ಹೋಗಿ ಬಂದೆ. ಕಾಲು ಚಾಚ್ಕೊಂಡು ಕೂತವ್ನೆ. ನನ್ ನೋಡಿ ನಗ್ತಾನೆ. ಏನಂತ ನಗ್ತಾನೋ."

ನಾನು ಏನಾದರೂ ಹೇಳಬೇಕೆಂದು ಅವರು ಕಾಯುತ್ತಿದ್ದರು. ತೆರೆದಿತ್ತು ಎಂದರೆ ಆ ಗಳಿಗೆಯಲ್ಲೇ ಬೀರುವಿನ ಮೇಲಿನಿಂದ ಗಿಟಾರು ಇಳಿಯುತ್ತಿತ್ತೇನೋ. ಆದರೆ ಬೆಳಕು ನೋಡಿ ಬರೆಯಬೇಕೆಂದು ಕಲಿಸಿದವರ ಮುಂದೆ, ನೋಡದ್ದನ್ನು ನೋಡಿದೆನೆಂದು ಹೇಳಲು ನಾಲಗೆ ಬರಲಿಲ್ಲ.

"ಗೊತ್ತಿಲ್ಲ ಸಾರ್. ನಾನೂ ಕಣ್ಣು ಮುಚ್ಕೊಂಡಿದ್ದೆ."

"ನಿನ್ ಫ್ರೆಂಡು?"

"ಅವಳೂ."

ಅವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಚೆನ್ನಾಗೈತೆ. ಹಾಡೋನೂ ನೋಡಿಲ್ಲ, ಕೇಳೋರೂ ನೋಡಿಲ್ಲ." ಅಷ್ಟರಲ್ಲಿ ಅಮ್ಮ, ಅಂದರೆ ಮೇಷ್ಟ್ರ ಹೆಂಡತಿ, ಕಾಫಿ ತಂದರು. "ಏನು, ತಿಂಗಳಾದ್ಮೇಲೆ ನಗು ಬಂದೈತೆ ಇವರಿಗೆ" ಎಂದರು. ಮೇಷ್ಟ್ರು ಸಕ್ಕರೆ ಕಮ್ಮಿಯಾಯಿತು ಎಂದು ಮಾತು ಬದಲಿಸಿದರು. ಅಮ್ಮ ಯಾವ ಕಾರ್ಯಕ್ರಮಕ್ಕೂ ಬಂದವರಲ್ಲ. ಮನೆಯಲ್ಲಿ ಕೇಳುವುದೇ ಸಾಕಾಗಿದೆ ಎನ್ನುತ್ತಿದ್ದರು.

ಹೊರಡುವಾಗ ಗೇಟಿನ ಹತ್ತಿರ ನನಗೆ ಒಂದು ಮಾತು ಹೊಳೆಯಿತು. "ಸಾರ್, ನೀವು ಮುಚ್ಕೊಂಡೇ ಹಾಡಿ. ಇನ್ಮೇಲೆ ನಾನು ತೆಗೆದಿರ್ತೀನಿ."

"ಡ್ಯೂಟಿ ಮಾಡ್ತೀಯಾ?"

"ಮಾಡ್ತೀನಿ."

ಅವರು ಗೇಟಿನ ಚಿಲಕ ಹಾಕಿ ಒಳಗೆ ಹೋದರು. ಮುಂದಿನ ವರ್ಷ ಕುಣಿಗಲ್ಲಿನ ಒಂದು ಛತ್ರದಲ್ಲಿ ಹಾಡುತ್ತಾರೆಂದು ಡ್ರಮ್ಮಿನವನು ಫೋನು ಮಾಡಿದ. "ನೀವ್ ಬಂದ್ರೆ ಮಾತ್ರ ಅಂತವ್ರೆ."

ಅಲ್ಲಿಂದ ಮುಂದೆ ಅವರು ಹಾಡಿದ ಕಡೆಯೆಲ್ಲ ನಾನಿದ್ದೆ. ಆ ಕಾರ್ಯಕ್ರಮಗಳು ಹೇಗಿದ್ದವು ಎಂದು ಯಾರಾದರೂ ಕೇಳಿದರೆ ಕಕ್ಕಾಬಿಕ್ಕಿಯಾಗುತ್ತೇನೆ. ಛತ್ರದಲ್ಲಿ ಎಷ್ಟು ಬಾಗಿಲಿದ್ದವು, ವೈರು ಎಲ್ಲಿ ಸುಲಿದಿತ್ತು, ಬಾಕ್ಸಿನ ಕೆಳಗೆ ಇಟ್ಟಿಗೆ ಕೊಟ್ಟಿದ್ದರೋ ಕಲ್ಲೋ, ಎಲ್ಲ ಹೇಳಬಲ್ಲೆ. ಹಾಡು ನೆನಪಿಲ್ಲ. ಹೊಸ ಹಾಡುಗಳು ಬಹಳ ಚೆನ್ನಾಗಿವೆ ಎಂದು ಸುಮಾ ಹೇಳುತ್ತಿದ್ದಳು. ಇದ್ದಿರಬೇಕು. ಪ್ರತಿ ಸಲ ಶುರು ಮಾಡುವ ಮುಂಚೆ ಮೇಷ್ಟ್ರು ಜನರ ನಡುವೆ ನನ್ನನ್ನು ಹುಡುಕುತ್ತಿದ್ದರು. ನಾನು ಸುತ್ತ ಒಮ್ಮೆ ನೋಡಿ ಕೈಯೆತ್ತುತ್ತಿದ್ದೆ. ಆಮೇಲೆ ಅವರು ಕಣ್ಣು ಮುಚ್ಚುತ್ತಿದ್ದರು.

"ಬಂದ್ರಪ್ಪ ಸೇಫ್ಟಿ ಇನ್ಸ್‌ಪೆಕ್ಟ್ರು" ಎಂದು ಡ್ರಮ್ಮಿನವನು ಗೇಲಿ ಮಾಡುತ್ತಿದ್ದ. ಕೊತ್ತಗೆರೆಯ ಹತ್ತಿರ ಒಂದು ಸಮುದಾಯ ಭವನದಲ್ಲಿ ಸೀಲಿಂಗ್ ಫ್ಯಾನು ತಿರುಗುತ್ತಾ ಓಲಾಡುತ್ತಿತ್ತು. ನಾನು ಕೈಯೆತ್ತಲಿಲ್ಲ. ಮೇಷ್ಟ್ರೂ ಶುರು ಮಾಡಲಿಲ್ಲ. ಫ್ಯಾನು ಆರಿಸುವವರೆಗೆ ಇಬ್ಬರೂ ಹಾಗೇ ಇದ್ದೆವು. ಸೆಕೆಗೆ ಬೆವೆತ ಜನ ನನ್ನನ್ನು ಬೈದದ್ದು ಸರಿಯಾಗಿಯೇ ನೆನಪಿದೆ. "ಈಯಮ್ಮಂಗೆ ಗಾಳಿ ಕಂಡ್ರಾಗಕಿಲ್ವಾ?"

ಚೀಟಿಗಳು ಆಗಲೂ ಬರುತ್ತಿದ್ದವು. ಆದರೆ ಈಗ ಅವುಗಳಲ್ಲಿ ಸಿನಿಮಾ ಹಾಡಿನ ಹೆಸರಿರುತ್ತಿರಲಿಲ್ಲ. ಹಿಂದಕ್ಕೆ ಹೋಗುವ ಹಾಡು ಹೇಳಿ ಎಂದಿರುತ್ತಿತ್ತು. ಗುಬ್ಬಿಯ ಸುದ್ದಿ ಎಲ್ಲ ಕಡೆ ಹರಡಿತ್ತು. ತಾವು ಬರೆದ ಹಾಡನ್ನು ಜನ ಬೇಡಿ ಚೀಟಿ ಕಳಿಸಲಿ ಎಂದು ಅಷ್ಟು ವರ್ಷ ಕಾದಿದ್ದ ಮೇಷ್ಟ್ರು ಅದನ್ನು ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು, "ಈ ಹಾಡು ನಮಗೆ ಬರಲ್ಲ" ಎನ್ನುತ್ತಿದ್ದರು.

ಗುಬ್ಬಿಯಾದ ಮೇಲೆ ಅದನ್ನು ಒಂದೇ ಒಂದು ಸಲ ಹಾಡಿದರು. ತುಮಕೂರಿನಲ್ಲಿ, ನೆಲಕ್ಕೆ ಕುರ್ಚಿಗಳನ್ನು ಬೋಲ್ಟು ಹಾಕಿ ಕೂರಿಸಿದ್ದ ಸಭಾಂಗಣವೊಂದರಲ್ಲಿ. ಯಾರೂ ಎದ್ದು ಹಿಂದಕ್ಕೆ ಹೋಗುವಂತಿರಲಿಲ್ಲ. "ಇನ್ನೊಂದು ಹೆಜ್ಜೆ ಹಿಂದಕ್ಕೆ" ಎಂದಾಗ ಜನ ಕೂತಲ್ಲೇ ಕಾಲು ಸರಿಸಿದ ಸದ್ದು ಕೇಳಿಸಿತು. ಆ ಒಂದು ಹಾಡಿನಲ್ಲಿ ನಾನು ಛಾವಣಿ ನೋಡಲಿಲ್ಲ, ಬಾಗಿಲು ನೋಡಲಿಲ್ಲ. ಅವರ ಕಣ್ಣನ್ನೇ ನೋಡಿದೆ. ದೂರದಿಂದ ಅದು ಮುಚ್ಚಿದ ಹಾಗೇ ಕಂಡಿತು. ದನಿ ಸಣ್ಣದಾಗಿ, ಉರುಳು ಮುಗಿದ ಮೇಲೆ, ಬಹಳ ಹೊತ್ತಿಗೆ, ಪಕ್ಕದಲ್ಲಿ ಕೂತವರನ್ನು ಕರೆಯುವಷ್ಟು ಮೆಲ್ಲಗೆ "ಬಾ" ಎಂದರು.

ಅದೇ ವರ್ಷ ಬೇಸಿಗೆಯಲ್ಲಿ ಹೋಗಿಬಿಟ್ಟರು. ಎದೆನೋವು ಎಂದು ಬೆಳಗ್ಗೆ ಹೇಳಿದರಂತೆ, ಮಧ್ಯಾಹ್ನದೊಳಗೆ ಮುಗಿದಿತ್ತು. ನಾನು ಕುಣಿಗಲ್ ತಲುಪಿದಾಗ ಮನೆಯ ಮುಂದೆ ಮಲಗಿಸಿದ್ದರು. ಡ್ರಮ್ಮಿನವನು ಕಾಂಪೌಂಡಿಗೆ ಒರಗಿ ಕೂತಿದ್ದ. ಮೇಷ್ಟ್ರ ಉಗುರಿನಲ್ಲಿ ಹಸಿರು ಬಣ್ಣವಿತ್ತು. ಯಾರೋ ಹಿರಿಯರು ಅವರ ರೆಪ್ಪೆಗಳನ್ನು ಬೆರಳಿನಿಂದ ಮತ್ತೆ ಮತ್ತೆ ಕೆಳಗೆ ಎಳೆಯುತ್ತಿದ್ದರು. ಎಳೆದಷ್ಟೂ ಅವು ಸ್ವಲ್ಪ ಮೇಲಕ್ಕೆ ಬಂದು ನಿಲ್ಲುತ್ತಿದ್ದವು.

"ಬುಡಿ ಅಣ್ಣ" ಎಂದರು ಅಮ್ಮ. ಅತ್ತು ಅವರ ದನಿ ಹೋಗಿತ್ತು. "ಅವ್ರ ಕಣ್ಣು ಯಾವತ್ತೂ ಪೂರ್ತಿ ಮುಚ್ಚಿದ್ದೇ ಇಲ್ಲ. ಮಲಗಿದ್ರೂ ಅಷ್ಟೇ. ಮದುವೆಯಾದ ಹೊಸದ್ರಲ್ಲಿ ನಾನು ಹೆದರ್ಕೊಂಡಿದ್ದೆ, ನಿದ್ದೇಲೂ ನನ್ನ ನೋಡ್ತವ್ರೆ ಅಂತ."

ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. ಕೇಳುವ ಹೊತ್ತಲ್ಲ ಎಂದು ಗೊತ್ತಿತ್ತು. ಆದರೂ ಕೇಳಿದೆ. "ಹಾಡೋವಾಗ್ಲೂ ಹಂಗೇನಾ ಅಮ್ಮಾ?"

ಅಮ್ಮ ನನ್ನ ಮುಖ ನೋಡಿದರು. "ಹಾಡೋವಾಗ ನಾನೆಲ್ಲಿ ನೋಡಿದೀನಿ ತಾಯಿ? ಮುಂದೆ ನಿಂತ್ಕೊಂಡು ನೋಡ್ತಿದ್ದೋಳು ನೀನಲ್ವಾ?"

ಎದ್ದು ಹಿಂದಕ್ಕೆ ಸರಿದೆ. ಮೇಷ್ಟ್ರ ರೆಪ್ಪೆಗಳ ನಡುವೆ ಪೆನ್ಸಿಲಿನ ಗೆರೆಯಷ್ಟು ಬಿಳಿ ಕಾಣುತ್ತಿತ್ತು. ಅಷ್ಟು ಸಂದಿಯಲ್ಲಿ ವಾಲುವ ಕಂಬವೊಂದು ಕಾಣಬಹುದೇ ಎಂದು ನನ್ನ ಕಣ್ಣುಗಳನ್ನೂ ಅಷ್ಟೇ ಸಣ್ಣ ಮಾಡಿ, ಪಕ್ಕದ ಸೈಟಿನಲ್ಲಿದ್ದ ತೆಂಗಿನ ಮರವನ್ನು ನೋಡಿದೆ. ಮರ ಕಂಡಿತು. ಅಲ್ಲಾಡುತ್ತಿದ್ದದ್ದು ಮರವೋ ನನ್ನ ರೆಪ್ಪೆಯೋ ಗೊತ್ತಾಗಲಿಲ್ಲ.